ಓರಿನ್ ಬಕ್ಕನ್ ಮೀನು ಹಿಡಿಯಲು ಹೋಗದ ವರ್ಷ

ನಮ್ಮ ಎಲ್ವಿಕ್ ಊರಿನಲ್ಲಿ ಓರಿನ್ ಬಕ್ಕನ್ ಬಗ್ಗೆ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಒಳ್ಳೆಯ ಮಾತೂ ಆಡುವುದಿಲ್ಲ, ಅದು ಬೇರೆ ವಿಷಯ. ಮಿನ್ನೆಸೋಟದ ಈ ಪಶ್ಚಿಮ ಅಂಚಿನಲ್ಲಿ ನಾವು ಯಾರನ್ನೂ ಹೊಗಳುವವರಲ್ಲ. "ಪರವಾಗಿಲ್ಲ ಮನುಷ್ಯ" ಎಂದರೆ ಅದೇ ನಮ್ಮ ಚಿನ್ನದ ಪದಕ. ಓರಿನ್ ಪರವಾಗಿಲ್ಲ ಮನುಷ್ಯ. ಕೌಂಟಿಯ ಹಿಮ ಸರಿಸುವ ಲಾರಿ ಓಡಿಸಿಕೊಂಡು ಆಯುಷ್ಯ ಕಳೆದವನು. ಜನವರಿಯಲ್ಲಿ ಊರೆಲ್ಲ ಹೊದ್ದು ಮಲಗಿರುವಾಗ ಎದ್ದು ರಸ್ತೆ ಬಿಡಿಸುತ್ತಿದ್ದ. ಬಿಡಿಸಿದ ಹಿಮವನ್ನೆಲ್ಲ ನೀಟಾಗಿ ಒಬ್ಬೊಬ್ಬರ ಮನೆ ಬಾಗಿಲಿಗೂ ರಾಶಿ ಹಾಕಿ ಹೋಗುತ್ತಿದ್ದ. ಜನ ಕಿಟಕಿಯಿಂದ ನಗುನಗುತ್ತ ಕೈಬೀಸುತ್ತಿದ್ದರು, ಆಮೇಲೆ ಪರದೆ ಎಳೆದುಕೊಂಡು ಬೈಯುತ್ತಿದ್ದರು.

ಈ ಮಹಾನುಭಾವ ನನ್ನ ಭಾವ, ನನ್ನ ಅಕ್ಕ ಲವಾನ್‌ಳ ಗಂಡ. ನಾನು ಆರ್ಡಿಸ್. ಶಾಲೆಯ ಅಡುಗೆಮನೆಯಲ್ಲಿ ಊರಿನ ಮೂರು ತಲೆಮಾರಿಗೆ ಆಲೂಗಡ್ಡೆ ಬಡಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಹಾಗಾಗಿ ಮದುವೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ.

ಅಕ್ಕನ ಮದುವೆಗೆ ಮೇ ತಿಂಗಳ ನಡುವಿನ ಒಂದು ಶನಿವಾರ ಗೊತ್ತುಮಾಡಿದ್ದು ನಮ್ಮ ಅಮ್ಮ. ಎಂದೂ ಸಿಗದ ಚರ್ಚಿನ ಹಾಲ್ ಅಂದು ಖಾಲಿ ಸಿಕ್ಕಿತು. ಯಾಕೆ ಖಾಲಿ ಎಂದು ನಮ್ಮ ಮನೆಯ ಹೆಂಗಸರು ಯೋಚಿಸಲಿಲ್ಲ. ಚಳಿಗಾಲದ ಕೊನೆಯಿಂದ ಮುಚ್ಚಿದ್ದ ವಾಲೈ ಮೀನಿನ ಬೇಟೆ ಆ ಶನಿವಾರ ತೆರೆಯುತ್ತದೆ. 'ಓಪನರ್' ಎನ್ನುತ್ತಾರೆ. ಅಂದು ಈ ರಾಜ್ಯದಲ್ಲಿ ಗಂಡಸು ಎನ್ನುವ ಜಾತಿ ದಡದ ಮೇಲೆ ಸಿಗುವುದಿಲ್ಲ. ಮದುವೆಗೆ ಬಂದ ಗಂಡಸರ ಮೈಯೆಲ್ಲ ಎರೆಹುಳದ ವಾಸನೆ. ವರನ ಗೆಳೆಯ ಡೆಲ್ಮರ್ ಅಂತೂ ಕಾರಿನ ಹಿಂದೆ ದೋಣಿ ಕಟ್ಟಿಕೊಂಡೇ ಚರ್ಚಿಗೆ ಬಂದಿದ್ದ. ಪಾದ್ರಿಗಳು ಪ್ರವಚನ ಮುಗಿಸಿದ ವೇಗ ನೋಡಿ ಅವರ ದೋಣಿಯೂ ಎಲ್ಲೋ ಕಾಯುತ್ತಿದೆ ಎಂದುಕೊಂಡೆವು.

ಅಲ್ಲಿಂದ ಮುಂದೆ ಪ್ರತಿ ವರ್ಷ ಮದುವೆಯ ದಿನದ ವಾರ ಬಂತೆಂದರೆ ಓರಿನ್ ಮತ್ತು ಡೆಲ್ಮರ್ ಕೆರೆಯಲ್ಲಿ. ಶುಕ್ರವಾರ ಬೆಳಗ್ಗೆ ಹೋದರೆ ಭಾನುವಾರ ಸಂಜೆ ವಾಪಸು. ಲವಾನ್ ಎಲ್ಲಿರುತ್ತಾಳೆ? "ಆರ್ಡಿಸ್ ಜೊತೆ." ಏನು ಮಾಡುತ್ತಾಳೆ? ಅದನ್ನು ಯಾರೂ ಕೇಳಲಿಲ್ಲ. ನಾವಿಬ್ಬರೂ ಕೂತು ಹೊಲಿಗೆ ಹಾಕುತ್ತೇವೆಂದು ಓರಿನ್ ತನ್ನಷ್ಟಕ್ಕೆ ತೀರ್ಮಾನಿಸಿದ್ದ. ಮೊದಲ ವರ್ಷವೇ ನಾವಿಬ್ಬರೂ ಕಾರು ಹತ್ತಿ ರಾಜ್ಯದ ಆ ತುದಿಗೆ ಹೋದೆವು. ಸುಪೀರಿಯರ್ ಸರೋವರದ ದಡದಲ್ಲಿ ಗೂಸ್‌ಬೆರಿ ಜಲಪಾತ, ಆಮೇಲೆ ಡುಲೂತ್ ನಗರದಲ್ಲಿ ಎರಡು ದಿನ. ಮತ್ತೆ ಪ್ರತಿ ವರ್ಷವೂ ಅದೇ. ನಾವು ಸುಳ್ಳು ಹೇಳಿದವರಲ್ಲ. ಸುಳ್ಳು ಹೇಳುವುದಕ್ಕೂ ಎದುರಿನವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕಲ್ಲ.

ಊರಿನಲ್ಲಿ ನನ್ನ ಅಕ್ಕನಿಗೆ ಜೋರಾಗಿ ನಗಲು ಬರುವುದಿಲ್ಲ. ಚರ್ಚಿನಲ್ಲಿ ಕೇಕ್ ಕತ್ತರಿಸುತ್ತಾಳೆ, ಯಾರದಾದರೂ ಸಾವಾದರೆ ಹಾಟ್‌ಡಿಶ್ ಎಂಬ ಆಲೂಗಡ್ಡೆ-ಮಾಂಸದ ಅಡುಗೆ ಬೇಯಿಸಿಕೊಂಡು ಹೋಗುತ್ತಾಳೆ, ಹಾಳಾದ್ದನ್ನೆಲ್ಲ ತಿಕ್ಕಿ ತೊಳೆಯುತ್ತಾಳೆ. ಡುಲೂತ್‌ನಲ್ಲಿ ಅವಳು ಶಿಳ್ಳೆ ಹೊಡೆಯುತ್ತಾಳೆ. ಎರಡು ಬೆರಳು ಬಾಯಲ್ಲಿಟ್ಟು, ಹಡಗುಗಳಿಗೆ. ವರ್ಷಕ್ಕೆ ಒಂದು ಸಲ ಸಿಗುವ ಆ ಹೆಂಗಸು ನನಗೆ ಬೇಕು. ಅವಳಿಗಾಗಿ ನಾನು ಉಳಿದ ದಿನವೆಲ್ಲ ಕಾಯುತ್ತೇನೆ. ಇದನ್ನು ಯಾರ ಮುಂದೆಯೂ ಹೇಳಿಲ್ಲ. ನಮ್ಮ ಕಡೆ ಹಾಗೆಲ್ಲ ಹೇಳುವುದಿಲ್ಲ.

ಕಳೆದ ವರ್ಷ ಚಳಿಗಾಲದಲ್ಲಿ ಡೆಲ್ಮರ್ ತೀರಿಕೊಂಡ. ಏಪ್ರಿಲ್‌ನ ಒಂದು ಮಧ್ಯಾಹ್ನ ಓರಿನ್ ಟೋಪಿ ಕೈಯಲ್ಲಿ ಹಿಡಿದು ನನ್ನ ಬಾಗಿಲಿಗೆ ಬಂದ.

"ಕಾಫಿ ಕುಡೀತೀಯಾ?"

"ಬೇಡ ಬೇಡ, ಸುಮ್ನೆ ಬಂದೆ."

"ಇದೆ, ಕುಡಿ."

"ನಿಂಗ್ಯಾಕೆ ತೊಂದ್ರೆ."

"ಮಾಡಿಟ್ಟಿದೀನಿ ಓರಿನ್."

"ಹಾಗಾದ್ರೆ ಒಂದು ಅರ್ಧ ಲೋಟ."

ಎರಡು ಲೋಟ ಕುಡಿದ. ನಮ್ಮವರ ರೀತಿಯೇ ಹೀಗೆ. ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ಅಭ್ಯಾಸಕ್ಕೆ. ಮೂರನೇ ಸಲ ಕೇಳಿದಾಗ ಬಾಯಿಂದ ಬರುವುದೇ ನಿಜವಾದ ಉತ್ತರ. ಕೇಳಿದ ತಕ್ಷಣ 'ಹೂಂ ಕೊಡಿ' ಎನ್ನುವವರೂ ಇದ್ದಾರೆ, ಅಂಥವರು ಪಕ್ಕದ ರಾಜ್ಯ ಅಯೋವಾ ಕಡೆಯಿಂದ ಬಂದಿರುತ್ತಾರೆ.

"ಆರ್ಡಿಸ್, ಈ ಸಲಕ್ಕೆ ನಲವತ್ತಾಗತ್ತೆ," ಎಂದ.

"ಏನಕ್ಕೆ?"

"ನಮ್ಮ ಮದುವೆಗೆ."

"ಗೊತ್ತು. ನಾನೂ ಅಲ್ಲಿದ್ದೆ."

"ಲವಾನ್‌ನ ಎಲ್ಲಾದ್ರೂ ಕರ್ಕೊಂಡು ಹೋಗ್ಬೇಕು ಅಂತಿದೀನಿ. ಅವಳಿಗೆ ಒಂಚೂರೂ ಗೊತ್ತಾಗ್ದಂಗೆ." ಜೇಬಿನಿಂದ ರಸ್ತೆ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿ, ದಪ್ಪ ಬೆರಳಿನಿಂದ ರಾಜ್ಯದ ಒಂದು ಮೂಲೆ ಮುಚ್ಚಿದ. "ಇಲ್ಲೊಂದು ಜಲಪಾತ ಇದೆ, ಗೂಸ್‌ಬೆರಿ ಅಂತ. ಅದನ್ನ ನೋಡಿ, ಡುಲೂತ್‌ನಲ್ಲಿ ಉಳ್ಕೊಳ್ಳೋದು. ಪಾಪ, ಅವಳು ಆ ಕಡೆ ತಲೆ ಹಾಕಿಯೂ ಮಲಗಿಲ್ಲ."

ನನ್ನ ಕೈಯಲ್ಲಿದ್ದ ಕಾಫಿ ನಕ್ಷೆಯಲ್ಲಿ ಪಕ್ಕದ ರಾಜ್ಯ ವಿಸ್ಕಾನ್ಸಿನ್ ಮೇಲೆ ಚೆಲ್ಲಿತು.

"ಯಾವಾಗ?"

"ಓಪನರ್ ವಾರಾನೇ."

ನಮ್ಮ ವಾರ! ನಾನು ಕೈಲಾದಷ್ಟು ಪ್ರಯತ್ನಪಟ್ಟೆ. "ಅಲ್ಲಿ ಸಿಕ್ಕಾಪಟ್ಟೆ ಚಳಿಯಂತೆ," ಎಂದೆ. ಕೋಟಿದೆ ಎಂದ. "ಜಲಪಾತದಲ್ಲಿ ಏನಿದೆ ಮಹಾ? ನೀರು ಮೇಲಿಂದ ಕೆಳಗೆ ಬೀಳತ್ತೆ," ಎಂದೆ. ಅದನ್ನೇ ನೋಡಕ್ಕೆ ಹೋಗೋದು ಎಂದ. ಕೊನೆಯ ಅಸ್ತ್ರ ಬಿಟ್ಟೆ: "ಮತ್ತೆ ಮೀನು?"

"ಮೀನು ಎಲ್ಲಿಗೂ ಓಡಿಹೋಗಲ್ಲ," ಎಂದು ಲೋಟದೊಳಗೆ ನೋಡಿದ.

ನೇರವಾಗಿ ಹೇಳಿಬಿಡಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ನೀವು ಎಲ್ವಿಕ್‌ನವರಲ್ಲ. ಇಲ್ಲಿ ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಸೆಕೆ ಅಲ್ವಾ?" ಎಂದೇ ಮಾತು ಶುರುಮಾಡುವುದು. ಅಲ್ಲದೆ ಹೇಳಬೇಕಾದವಳು ನಾನಲ್ಲ, ಅಕ್ಕ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಹೋಗುವಾಗ ಬಾಗಿಲಲ್ಲಿ ನಿಂತು, "ನೀನೂ ಬಾ ಆರ್ಡಿಸ್," ಎಂದ.

"ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ?"

"ಬಾ ಅಂದ್ರೆ."

"ಚೆನ್ನಾಗಿರಲ್ಲ ಓರಿನ್."

ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಎರಡು ದಿನ ಇಬ್ಬರೇ... ಏನು ಮಾತಾಡೋದು ಹೇಳು?"

ನಲವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವನು ಕೇಳುವ ಪ್ರಶ್ನೆ ಇದು. ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಹೂಂ ಎಂದೆ.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕನ ಫೋನು. ಗಂಟಲು ತಗ್ಗಿಸಿದ್ದಳು. "ಆರ್ಡಿಸ್, ಅವನು ಓಪನರ್‌ಗೆ ಹೋಗಲ್ವಂತೆ ಕಣೇ!"

"ಹೌದಾ?" ಎಂದೆ. ನನ್ನ ನಟನೆ ನನಗೇ ಹಿಡಿಸಲಿಲ್ಲ.

"ಜ್ವರ ಗಿರ ಬಂದಿದ್ಯಾ ಅಂತ ಹಣೆ ಮುಟ್ಟಿ ನೋಡ್ದೆ. ಇಲ್ಲ. ಮನೇಲೇ ಇರ್ತಾನಂತೆ. ಮನೇಲಿ! ನಮ್ಮ ಗತಿ ಏನು?"

ಅವತ್ತಿನಿಂದ ಅಕ್ಕ ಗಂಡನನ್ನು ಕೆರೆಗೆ ತಳ್ಳುವ ಕೆಲಸಕ್ಕೆ ಟೊಂಕ ಕಟ್ಟಿದಳು. ಹೊಸ ಗಾಳ ತಂದಳು. ದಾರ ತಂದಳು. ಅವನು ಮಲಗಿ ಏಳುವುದರೊಳಗೆ ದೋಣಿ ತೊಳೆದು ಒಣಗಿಸಿದಳು. "ನಂಗೇನೂ ಬೇಜಾರಿಲ್ಲ ಓರಿನ್, ಹೋಗಿಬಾ, ಗಾಳಿ ಚೆನ್ನಾಗಿದೆ, ಈ ವರ್ಷ ಮೀನು ಮೇಲೇ ಇದೆಯಂತೆ," ಎಂದು ಊಟಕ್ಕೊಂದು ಸಲ ಹೇಳಿದಳು. ಓರಿನ್ ಒದ್ದೆ ಕಣ್ಣು ಮಾಡಿಕೊಂಡು ನನ್ನ ಬಳಿ ಬಂದ.

"ನೋಡು ಆರ್ಡಿಸ್, ಎಂಥಾ ಹೆಂಗಸು! ತನಗಾಗಿ ಒಂದು ದಿನಾನೂ ಬೇಡ ಅಂತಾಳೆ. ಇಂಥವಳನ್ನ ಒಂದು ಜಲಪಾತಕ್ಕೂ ಕರ್ಕೊಂಡು ಹೋಗ್ಲಿಲ್ವಲ್ಲ ನಾನು."

ನಾನು ಗೋಡೆ ಕಡೆ ತಿರುಗಿ ನಿಂತೆ. ಅಳುತ್ತಿದ್ದೇನೆಂದು ತಿಳಿದು ಬೆನ್ನು ತಟ್ಟಿ ಹೋದ.

ಹೊರಡುವ ದಿನ ಅಕ್ಕನಿಗೆ ಹೇಳಿದ ನೆಪ ಕೇಳಿ. ಡುಲೂತ್ ಹತ್ತಿರ ಯಾರೋ ಹಿಮ ಎಸೆಯುವ ಹಳೇ ಮೆಷಿನ್ ಮಾರುತ್ತಿದ್ದಾರೆ, ನೋಡಿಕೊಂಡು ಬರೋಣ. ಮೇ ತಿಂಗಳಲ್ಲಿ! "ಈಗ ಅಗ್ಗಕ್ಕೆ ಸಿಗತ್ತೆ," ಎಂದನಂತೆ. ಬೇರೆ ಊರಿನ ಹೆಸರು ಹೇಳಿದ್ದರೆ ಅಕ್ಕ ಕದಲುತ್ತಿರಲಿಲ್ಲ. ಡುಲೂತ್ ಎಂದ ಕೂಡಲೇ ಕೊಟ್ಟಿಗೆ ಕೆಲಸದ ಹಳೇ ಕೋಟು ಹಾಕಿಕೊಂಡು ಪಿಕಪ್‌ನ ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ, ಅವನು ಗುಟ್ಟಾಗಿ ತುಂಬಿದ್ದ ಸೂಟ್‌ಕೇಸಿನ ಜೊತೆ. ಅದರೊಳಗೆ ಅಕ್ಕನ ಬಟ್ಟೆ ಎಂದು ಅವನು ತುಂಬಿದ್ದು ಎರಡು ರಾತ್ರಿಯುಡುಪು, ಒಂದು ಏಪ್ರನ್. ನಮ್ಮ ಪುಣ್ಯಕ್ಕೆ ಅಕ್ಕನ ಅಳತೆಯ ನಾಲ್ಕು ಜೊತೆ ಬಟ್ಟೆ ನಾನು ಮೊದಲೇ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಡುಲೂತ್ ದಾಟಿತು, ಪಿಕಪ್ ನಿಲ್ಲಲಿಲ್ಲ. ಸರೋವರದ ದಡದ ರಸ್ತೆಗೆ ತಿರುಗಿತು. ಅಕ್ಕ ಮೆಲ್ಲಗೆ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಆ ನೋಟಕ್ಕೆ ಹಾಲು ಒಡೆಯಬೇಕು. ನಾನು ಕಿಟಕಿಯ ಹೊರಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ದಾರಿಯಲ್ಲಿ ಪೈ ಎಂಬ ಸಿಹಿ ಕಡುಬು ಮಾರುವ ಒಂದು ಅಂಗಡಿ. ಯಾವ ವರ್ಷವೂ ನಾವು ಅಲ್ಲಿ ನಿಲ್ಲದೆ ಹೋದವರಲ್ಲ. ಆ ರಸ್ತೆಯಲ್ಲಿ ನಿಲ್ಲಿಸಲು ಅಷ್ಟೊಂದು ಜಾಗವಿದ್ದರೂ ಓರಿನ್ ಅಲ್ಲೇ ನಿಲ್ಲಿಸಬೇಕೆ? "ಅವಸರ ಆಗಿದೆ," ಎಂದು ಬಚ್ಚಲಿನ ನೆಪ ಹೇಳಿ, ಮಂಡಿ ನೋವು ಮರೆತು ಓಡಿದೆ. ಅಂಗಡಿಯ ಒಡತಿ ಮಾರ್ಲಿಸ್ ಆಗಲೇ ಎರಡು ಕೈ ಚಾಚಿ ಬರುತ್ತಿದ್ದಳು.

"ಮಾರ್ಲಿಸ್, ನಾವು ನಿಂಗೆ ಗೊತ್ತಿಲ್ಲ."

"ಯಾಕೆ, ಏನು ಮಾಡ್ಕೊಂಡು ಬಂದ್ರಿ?"

"ಲವಾನ್ ಗಂಡನ್ನ ಕರ್ಕೊಂಡು ಬಂದಿದಾಳೆ."

"ಯಾರ ಗಂಡನ್ನ?"

"ಅವಳದೇ ಕಣೇ!"

"ಓ," ಎಂದು ಮಾರ್ಲಿಸ್ ಸ್ವಲ್ಪ ನಿರಾಸೆಪಟ್ಟಳು. ಒಳಗೆ ಬಂದವರಿಗೆ, "ಬನ್ನಿ ಬನ್ನಿ, ನಿಮ್ಮನ್ನ ಮುಂಚೆ ಎಲ್ಲೂ ನೋಡೇ ಇಲ್ಲ," ಎಂದು ಸ್ವಾಗತಿಸಿದಳು. ಯಾವ ಅಂಗಡಿಯವರು ಹೀಗೆ ಸ್ವಾಗತಿಸುತ್ತಾರೆ? ಹೋಗಲಿ ಎಂದರೆ, ಅಕ್ಕ ಬಾಯಿ ತೆರೆಯುವ ಮುಂಚೆಯೇ ಕ್ರೀಮ್ ಇಲ್ಲದ, ಹುಳಿ ರುಬಾರ್ಬ್ ದಂಟಿನ ಪೈ ತಂದು ಮುಂದಿಟ್ಟಳು.

"ಇವಳಿಗೆ ಕ್ರೀಮ್ ಆಗಲ್ಲ ಅಂತ ಹೇಗೆ ಗೊತ್ತಾಯ್ತು?" ಎಂದ ಓರಿನ್.

"ಮುಖ ನೋಡಿದ್ರೆ ಹೇಳಬಹುದು," ಎಂದಳು ಮಾರ್ಲಿಸ್.

ಓರಿನ್ ಹೆಂಡತಿಯ ಮುಖವನ್ನೇ ನೋಡಿದ. ಪಾಪ, ಅವನಿಗೆ ಏನೂ ಕಾಣಲಿಲ್ಲ.

ಜಲಪಾತದ ಬಳಿ ಇಳಿದಾಗ ಅವನು ಎದೆಯುಬ್ಬಿಸಿ, "ಲವಾನ್, ಮೆಷಿನ್ನೂ ಇಲ್ಲ ಗಿಷಿನ್ನೂ ಇಲ್ಲ! ಇದು ನಿಂಗೆ!" ಎಂದು ಕೈ ತೋರಿಸಿದ. ಹಿಮ ಕರಗಿದ ನೀರು ಕಂದು ಬಣ್ಣದಲ್ಲಿ ಭೋರ್ಗರೆಯುತ್ತಿತ್ತು. ಅಕ್ಕ ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ಓರಿನ್!" ಎಂದಳು. ಅವಳು ಹಿಂದೆ ಒಂದೇ ಒಂದು ಸಲ ನಾಟಕದಲ್ಲಿ ಪಾತ್ರ ಮಾಡಿದ್ದು, ಚರ್ಚಿನ ಕ್ರಿಸ್‌ಮಸ್‌ಗೆ ಕುರಿಯಾಗಿ. ಇವತ್ತಿನದೂ ಆ ಮಟ್ಟದ್ದೇ. ಆದರೆ ಓರಿನ್‌ನ ಕಿವಿ ಕೆಂಪಾಗಿ, ಮುಖವೆಲ್ಲ ಬಾಯಾಗಿ, ಹಬ್ಬಕ್ಕೆ ಬಂದವನ ಹಾಗೆ ನಿಂತಿದ್ದ. ಅದನ್ನು ನೋಡಿದ ಅಕ್ಕ ಇನ್ನೊಂದು ಸಲ "ಅಯ್ಯೋ ಓರಿನ್" ಎಂದಳು. ಈ ಸಲದ್ದು ನಟನೆಯಲ್ಲ. ನನಗೆ ಹೊಟ್ಟೆ ಉರಿಯಿತು.

ಕಲ್ಲುಬಂಡೆಗಳ ಮೇಲೆ ಅವನು ಮುಂದೆ, ನಾವು ಹಿಂದೆ. ಎಲ್ಲಿಂದಲೋ ಬಾಯಿಪಾಠ ಮಾಡಿಕೊಂಡು ಬಂದ ವಿವರಗಳನ್ನು ಒಪ್ಪಿಸುತ್ತಿದ್ದ. ಇದು ಮೇಲಿನ ಜಲಪಾತ, ಅದು ಕೆಳಗಿನದು, ನದಿ ಅಲ್ಲಿ ಹೋಗಿ ಸರೋವರ ಸೇರುತ್ತದೆ. ಮಾತಿನ ಭರದಲ್ಲಿ ಒಂದು ಕಲ್ಲಿನ ಮೇಲೆ ಕಾಲಿಡಲು ಹೋದ.

"ಅದರ ಮೇಲೆ ಬೇಡ, ಅದು ಅಲ್ಲಾಡತ್ತೆ," ಎಂದಳು ಅಕ್ಕ.

ಅವನು ಕಾಲಿಂದ ಒತ್ತಿ ನೋಡಿದ. ಅಲ್ಲಾಡಿತು. ಕಲ್ಲನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ವಿವರ ಹೇಳುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ನೀರು ನೋಡುತ್ತ, "ಚೆನ್ನಾಗಿದೆ. ವರ್ಷಾವರ್ಷ ಬರಬಹುದು," ಎಂದ. ಇನ್ನು ಮುಗಿಯಿತು, ಜಲಪಾತವೂ ಹೋಯಿತು, ಶಿಳ್ಳೆಯೂ ಹೋಯಿತು, ಮುಂದಿನ ವರ್ಷದಿಂದ ನಾನು ಹಿಂದಿನ ಸೀಟಿನಲ್ಲಿ ಸೂಟ್‌ಕೇಸ್ ಕಾಯುವವಳು.

ಡುಲೂತ್‌ನ ಹೋಟೆಲಿನಲ್ಲಿ ನಾನು ಮುಂದೆ ಓಡಬೇಕಿತ್ತು. ಆದರೆ ಓರಿನ್ ಸೂಟ್‌ಕೇಸನ್ನು ನನ್ನ ಕೈಗೆ ಕೊಟ್ಟು, ಹೆಂಡತಿಯ ತೋಳು ಹಿಡಿದು ತಾನೇ ಠೀವಿಯಿಂದ ನಡೆದ. ಹೋಟೆಲು ಅವನೇ ಹುಡುಕಿದ್ದು. ನಗರದಲ್ಲಿ ಬೇಕಾದಷ್ಟು ಹೋಟೆಲುಗಳಿವೆ, ಅವನಿಗೆ ಸಿಕ್ಕಿದ್ದು ನಮ್ಮದೇ. ನಾನು ಏದುಸಿರು ಬಿಡುತ್ತ ಒಳಗೆ ಬರುವಷ್ಟರಲ್ಲಿ ಕೌಂಟರಿನ ಹುಡುಗಿ ಗಲಗಲ ಎನ್ನುತ್ತಿದ್ದಳು.

"ಲವಾನ್! ಬಂದೇ ಬಂದ್ರಾ! ನಿಮ್ಮ ಸರೋವರದ ಕಡೆ ರೂಮು ಬುಕ್ ಮಾಡಿಲ್ವಲ್ಲ ಅಂತ ನೋಡ್ತಿದ್ದೆ. ಓಹೋ, ಈ ಸಲ ಒಬ್ಬ ಗಂಡಸು!" ಕಣ್ಣು ಹೊಡೆದಳು. "ನಾನು ಯಾರಿಗೂ ಹೇಳಲ್ಲ."



ಬೇರೆ ಕಡೆಯ ಗಂಡಸಾಗಿದ್ದರೆ ಕೂಗಾಡುತ್ತಿದ್ದ. ಓರಿನ್ ಎಲ್ವಿಕ್‌ನವನು. "ಬೀಗದ ಕೈ ಕೊಡಿ," ಎಂದ. ಊಟಕ್ಕೆ ಕೂತಾಗ ಮೀನನ್ನು ಕೊನೆಯ ಮುಳ್ಳಿನವರೆಗೂ ಬಿಡಿಸಿ ತಿಂದು, "ಮೀನು ಪರವಾಗಿಲ್ಲ," ಎಂದ. ಆ ಸಂಜೆಯಲ್ಲಿ ಅವನು ಆಡಿದ್ದು ಅಷ್ಟೇ. ಅಕ್ಕ ತಟ್ಟೆ ನೋಡುತ್ತಿದ್ದಳು. ನಾನು ಮಾತ್ರ ಬ್ರೆಡ್ಡಿನ ಬಗ್ಗೆ, ಬೆಣ್ಣೆಯ ಬಗ್ಗೆ, ಆ ಹೋಟೆಲಿನ ಪರದೆಯ ಬಗ್ಗೆ ಒಬ್ಬಳೇ ಮಾತಾಡಿದೆ. ಇದಕ್ಕೇ ನನ್ನನ್ನು ಕರೆದುಕೊಂಡು ಬಂದಿದ್ದಲ್ಲವೆ?

ಮರುದಿನ ಬೆಳಗ್ಗೆ ಕಾಲುವೆಯ ದಂಡೆಗೆ ಹೋದೆವು. ಅಲ್ಲಿಂದ ಹಡಗುಗಳು ಸರೋವರದಿಂದ ಬಂದರಿನೊಳಕ್ಕೆ ಬರುತ್ತವೆ. ದಾರಿಯಲ್ಲಿರುವ ಕಬ್ಬಿಣದ ಸೇತುವೆ ಇಡಿಯಾಗಿ ಮೇಲಕ್ಕೇರಿ ಜಾಗ ಬಿಡುತ್ತದೆ. ನಾವು ಮೂವರೂ ಕಂಬಿ ಹಿಡಿದು ನಿಂತಿದ್ದೆವು. ಅದಿರು ತುಂಬುವ ಉದ್ದನೆಯ ಹಡಗೊಂದು ಮಂಜಿನಿಂದ ಹೊರಬಂತು. ಸೇತುವೆ ಏರಿತು. ಹಡಗು ನಮ್ಮ ಮೂಗಿನ ಮುಂದೆಯೇ ಸಾಗುತ್ತ ಎದೆ ನಡುಗುವ ಹಾಗೆ ಹಾರ್ನ್ ಹಾಕಿತು, ಸೇತುವೆ ಉತ್ತರ ಕೊಟ್ಟಿತು.

ಅಕ್ಕನ ಎರಡು ಬೆರಳು ತಾವಾಗಿಯೇ ಬಾಯಿಗೆ ಹೋದವು. ನಾನು ಕೈ ಹಿಡಿಯುವಷ್ಟರಲ್ಲಿ ಶಿಳ್ಳೆ ಹೊರಟಿತ್ತು. ಎಂಥ ಶಿಳ್ಳೆ! ಹಡಗಿನ ಮೇಲಿದ್ದ ಒಬ್ಬ ಕೆಲಸದವನು ಟೋಪಿ ತೆಗೆದು ಬೀಸಿದ. ಓರಿನ್ ಬೆಚ್ಚಿ ಕಂಬಿ ಹಿಡಿದುಕೊಂಡ.

"ಇದನ್ನ ಯಾವಾಗ ಕಲಿತೆ?" ಎಂದ.

"ಇಲ್ಲೇ," ಎಂದಳು ಅಕ್ಕ.

"ಯಾವಾಗಿಂದ ಬರ್ತಿದೀರಾ?"

"ಮೊದಲನೇ ವರ್ಷದಿಂದ."

ಅವನು ಹಡಗಿನ ಹಿಂದಿನ ನೀರನ್ನು ನೋಡಿದ. "ನಂಗೆ ಹೇಳಲಿಲ್ಲ."

"ನೀನು ಕೇಳಲಿಲ್ಲ. ಮನೆಗೆ ಬಂದು ಬೂಟು ಬಿಚ್ಚೋ ಮುಂಚೆ ಮೀನಿನ ಕತೆ ಶುರು ಮಾಡ್ತಿದ್ದೆ. ಸಿಕ್ಕಿದ ಮೀನು, ತಪ್ಪಿಸ್ಕೊಂಡ ಮೀನು. ತಪ್ಪಿಸ್ಕೊಂಡ ಮೀನು ಯಾವ ಕಡೆ ಹೋಯ್ತು ಅಂತಾನೂ ನಿಂಗೆ ಗೊತ್ತಿತ್ತು. ನಾನು ಎಲ್ಲಿದ್ದೆ ಅಂತ ಒಂದು ದಿನ ಕೇಳ್ದೆಯಾ?"

"ಮೊದಲನೇ ವರ್ಷ ಕೇಳಿದ್ದೆ ಲವಾನ್. ಬಾಗಿಲಲ್ಲಿ ನಿಂತು, ಹೋಗಲಾ, ನಿಂಗೆ ಬೇಜಾರಿಲ್ವಾ ಅಂತ ಕೇಳ್ದೆ. ನೀನೇ ಹೋಗು, ನಂಗೇನು ಅಂದೆ."

"ಒಂದೇ ಸಲ ಕೇಳ್ದೆ ಓರಿನ್," ಎಂದಳು. ಧ್ವನಿ ಏರಲಿಲ್ಲ. "ಎರಡನೇ ಸಲ ಕೇಳ್ತೀಯ ಅಂತ ಪಾತ್ರೆ ತೊಳೆಯೋ ನೀರಲ್ಲಿ ಕೈ ಇಟ್ಕೊಂಡು ಕಾಯ್ತಾ ನಿಂತಿದ್ದೆ. ಆಗಲೇ ಡೆಲ್ಮರ್ ಕಾರು ಹೊರಟ ಸದ್ದು ಕೇಳಿಸ್ತು. ಆಮೇಲೆ ಆರ್ಡಿಸ್‌ಗೆ ಫೋನ್ ಮಾಡ್ದೆ."

ಇದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಆ ವಾರವನ್ನು ನಮ್ಮ ಜಾಣತನ ಎಂದುಕೊಂಡು ಬೀಗಿದ್ದೆ. ಅರ್ಧ ಲೋಟ ಕಾಫಿಗೆ ಮೂರು ಸಲ ಕರೆಸಿಕೊಳ್ಳುವ ಆ ಮನುಷ್ಯ, ತಾನು ಬಿಟ್ಟುಬಂದ ಆ ಎರಡನೇ ಮಾತು ಎಷ್ಟು ದೊಡ್ಡದೆಂದು ಅರ್ಥಮಾಡಿಕೊಂಡ. ಯಾರೂ ವಿವರಿಸಬೇಕಾಗಲಿಲ್ಲ. ಅವನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು.

ಆಮೇಲೆ ಅವನೂ ಒಂದು ನಿಜ ಹೇಳಿದ. "ನಾನೇನು ನಿನಗಾಗಿ ಓಪನರ್ ಬಿಟ್ಟು ಬಂದಿಲ್ಲ. ಏಪ್ರಿಲ್‌ನಲ್ಲಿ ದೋಣಿ ಹೊರಗೆ ತೆಗೆದೆ. ಡೆಲ್ಮರ್ ಕೂತ್ಕೊಳ್ತಿದ್ದ ಜಾಗ ಕಾಣಿಸ್ತು. ಮತ್ತೆ ಒಳಗೆ ತಳ್ಳಿಬಿಟ್ಟೆ. ಎದುರಿಗೆ ಯಾರೂ ಇಲ್ದೆ ದೋಣೀಲಿ ಹೇಗೆ ಕೂತ್ಕೊಳ್ಳೋದು ಅಂತ ನಂಗೆ ಗೊತ್ತಿಲ್ಲ."

ಅಂದರೆ ಈ ಜಲಪಾತ, ಈ ಪೈ, ಈ ರೂಮು, ಎಲ್ಲ ಡೆಲ್ಮರ್ ಸತ್ತ ಪುಣ್ಯ! ಹೀಗೊಂದು ಚುಚ್ಚುಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಕ್ಕ ಅವನ ಕೋಟಿನ ತೋಳಿನ ಮೇಲೆ ಕೈಯಿಟ್ಟಳು.

ಅವನು ಆ ಕೈ ನೋಡಿ ಕೇಳಿದ. "ಮುಂದಿನ ವರ್ಷ ನಾನೂ ನಿಮ್ಮ ಜೊತೆ ಬರ್ಲಾ?"

ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಕ್ಕ "ನಿಂಗ್ಯಾಕೆ ತೊಂದ್ರೆ" ಎನ್ನುತ್ತಾಳೆ. ಈಗ ಪಾಠ ಕಲಿತ ಓರಿನ್ ಮತ್ತೆ ಕೇಳುತ್ತಾನೆ. ಮತ್ತೊಮ್ಮೆ ಕೇಳುತ್ತಾನೆ. ಅಲ್ಲಿಗೆ ನನ್ನ ಅಕ್ಕ ನನ್ನ ಕೈಬಿಟ್ಟು ಹೋಗುತ್ತಾಳೆ. ಬೇಡ ಎನ್ನಲು ನನಗೆ ಯಾವ ಹಕ್ಕಿದೆ? ಅವಳು ಅವನ ಹೆಂಡತಿ, ಅವನಿಗೆ ಬೇರೆ ಯಾರೂ ಉಳಿದಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

"ಬೇಡ," ಎಂದಳು ಅಕ್ಕ.

"ನಂಗೇನೂ ತೊಂದ್ರೆ ಇಲ್ಲ ಲವಾನ್, ನಿಜವಾಗ್ಲೂ..."

"ಇನ್ನೊಂದು ಸಲ ಕೇಳಬೇಡ ಓರಿನ್. ನಾನು ಮರ್ಯಾದೆಗೆ ಹೇಳ್ತಿಲ್ಲ. ಈ ವಾರ ನ‌ನ್ನದು, ಆರ್ಡಿಸ್‌ದು. ಇದನ್ನ ನಾನು ಕೊಡಲ್ಲ." ಕೋಟಿನ ಗುಂಡಿ ಹಾಕಿಕೊಂಡಳು. "ಬೇರೆ ಯಾವಾಗ ಬೇಕಾದ್ರೂ ಕರಿ. ಜೂನ್‌ನಲ್ಲಿ ಕರಿ. ಮುಚ್ಚಿಟ್ಟು ಕರ್ಕೊಂಡು ಹೋಗಬೇಡ, ಕೇಳಿ ಕರ್ಕೊಂಡು ಹೋಗು. ಬರ್ತೀನಿ."

ನಮ್ಮ ಇಡೀ ವಂಶದಲ್ಲಿ ಯಾರೂ ಹೀಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ಓರಿನ್ ಕೆನ್ನೆಗೆ ಏಟು ಬಿದ್ದವನಂತೆ ನಿಂತಿದ್ದ. ನನಗೆ ಆದ ಸಂತೋಷಕ್ಕೆ ನನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಸಂತೋಷ ಕಡಿಮೆಯಾಗಲಿಲ್ಲ.

"ಸರಿ," ಎಂದ ಕೊನೆಗೆ. "ಇನ್ನೊಂದು ಹಡಗು ಯಾವಾಗ?"

ಜೂನ್‌ನಲ್ಲಿ ಅವನು ಕೇಳಿದ. ಅವಳು ಒಪ್ಪಿದಳು. ಇಬ್ಬರೇ ವಿಸ್ಕಾನ್ಸಿನ್‌ಗೆ ಹೋಗಿ ಚೀಸ್ ತಿಂದು ಬಂದರು. ಏನು ಮಾತಾಡಿದಿರಿ ಎಂದರೆ ಅಕ್ಕ ಹೇಳಲಿಲ್ಲ, ಮೊದಲ ಸಲ ನನ್ನಿಂದ ಏನನ್ನೋ ಮುಚ್ಚಿಟ್ಟಳು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಈ ವರ್ಷದ ಓಪನರ್ ಶುಕ್ರವಾರ ಬೆಳಗ್ಗೆ ಅಕ್ಕನನ್ನು ಕರೆದುಕೊಳ್ಳಲು ಅವಳ ಮನೆಯ ಮುಂದೆ ಕಾರು ನಿಲ್ಲಿಸಿದೆ. ಅಂಗಳದಲ್ಲಿ ಪಿಕಪ್ ನಿಂತಿತ್ತು, ಹಿಂದೆ ದೋಣಿ ಕಟ್ಟಿತ್ತು. ಒಬ್ಬನೇ ಹೊರಟಿದ್ದ. ಗಾಳ, ಬುಟ್ಟಿ ಎಲ್ಲ ಮೆಟ್ಟಿಲ ಮೇಲಿತ್ತು. ಅಕ್ಕ ಎಷ್ಟು ಹೊತ್ತಾದರೂ ಬರಲಿಲ್ಲ. ನನಗೆ ಕಾಯುವುದೆಂದರೆ ಆಗುವುದಿಲ್ಲ. ಹಾರ್ನ್ ಮೇಲೆ ಕೈಯಿಟ್ಟೆ.

ಅಡುಗೆಮನೆಯ ಕಿಟಕಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಕಿಟಕಿ ತೆರೆದಿತ್ತು.

"ಮೊದಲು ಎಲ್ಲಿಗೆ ಹೋಗ್ತೀರಾ?" ಎಂದು ಓರಿನ್ ಕೇಳುತ್ತಿದ್ದ. "ಆಮೇಲೆ?"

ಅಕ್ಕ ಹೇಳುತ್ತಿದ್ದಳು. ಕೈಯಾಡಿಸಿಕೊಂಡು, ಹಡಗಿನ ಉದ್ದ ತೋರಿಸಿಕೊಂಡು, ಸೇತುವೆ ಏರುವುದನ್ನು ತೋರಿಸಿಕೊಂಡು ಹೇಳುತ್ತಿದ್ದಳು. ಕೆರೆಯಲ್ಲಿ ಒಳ್ಳೊಳ್ಳೆಯ ಜಾಗವೆಲ್ಲ ಬೇರೆಯವರ ಪಾಲಾಗುವ ಹೊತ್ತಿನಲ್ಲಿ ಆ ಮನುಷ್ಯ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತ.

ನಾನು ಹಾರ್ನ್ ಮೇಲಿಂದ ಕೈ ತೆಗೆದೆ.